ಗೋಡೆ ಕೊಟ್ಟ ಗಿಡ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ತಲೆಯೆತ್ತಿ ನಡೆದರೆ ಅರಳಿ ಕಾಣದ ಬೀದಿಯೇ ಇಲ್ಲ. ತಾರಸಿಯ ಅಂಚಿನಲ್ಲಿ, ಮಳೆನೀರಿನ ಪೈಪಿನ ಬುಡದಲ್ಲಿ, ಕಾಂಪೌಂಡಿನ ಬಿರುಕಿನಲ್ಲಿ, ಮೇಲ್ಸೇತುವೆಯ ಸಂದಿನಲ್ಲಿ ಅದು ಚಿಗುರಿರುತ್ತದೆ. ಅದರ ಜೊತೆಗೆ ಬಸರಿ, ಆಲ, ಕಿರುಗೋಳಿ, ಒಮ್ಮೊಮ್ಮೆ ಅತ್ತಿಯೂ ಸಿಗುತ್ತವೆ. ಮೈನಾ, ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳು ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಒಂದೆರಡು ಮಿಲಿಮೀಟರಿನ ಬೀಜ ಅಂಟಿಕೊಂಡು ಮೊಳೆಯುತ್ತದೆ. ಮನೆಗೆ ಬಣ್ಣ ಹೊಡೆಸುವಾಗ, ಚರಂಡಿ ತೆಗೆಸುವಾಗ, ಹಳೆಯ ಮನೆ ಕೆಡವುವಾಗ ಇವು ಕಸದ ಜೊತೆ ಹೋಗುತ್ತವೆ. ಹಾಗೆ ಹೋಗಲಿರುವ ಗಿಡಗಳನ್ನು ತಂದು ಬೋನ್ಸಾಯ್ ಮಾಡುವುದು ಎಷ್ಟೋ ವರ್ಷಗಳಿಂದ ನನಗೆ ಹತ್ತಿರವಾದ ಕೆಲಸ. ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ತಿಳಿದದ್ದು ಒಂದೇ: ಇಂಥ ಗಿಡಕ್ಕೆ ಅರ್ಧ ರೂಪವನ್ನು ಗೋಡೆಯೇ ಕೊಟ್ಟಿರುತ್ತದೆ. ಉಳಿದರ್ಧಕ್ಕೆ ಕೈಹಾಕುವವರು ಮೊದಲು ಅದನ್ನು ನೋಡಿ ತಿಳಿಯಬೇಕು, ಆಮೇಲೆ ಕಾಯಬೇಕು.

ಗೋಡೆಯಲ್ಲಿ ಮಣ್ಣಿಲ್ಲ. ಇರುವುದು ಒಂದಿಷ್ಟು ಧೂಳು, ಸುಣ್ಣ, ಮಳೆ ಬಂದಾಗ ಇಂಗುವ ನೀರು. ಬೇರು ಹರಡಲು ಜಾಗವಿಲ್ಲದ್ದರಿಂದ ಗಿಡ ಎತ್ತರಕ್ಕೆ ಹೋಗುವುದಿಲ್ಲ. ಸಿಕ್ಕ ನೀರನ್ನು ಕೂಡಿಡಲು ಬುಡದಲ್ಲಿ ಗಡ್ಡೆಯಂತೆ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ತುದಿ ಒಣಗುತ್ತದೆ, ಮಳೆಗೆ ಪಕ್ಕದಿಂದ ಚಿಗುರುತ್ತದೆ. ಬಣ್ಣ ಬಳಿಯುವವರು ಒಮ್ಮೆ ಕತ್ತರಿಸಿರುತ್ತಾರೆ, ಅಲ್ಲಿಂದ ಮತ್ತೆ ಕವಲೊಡೆದಿರುತ್ತದೆ. ಬೋನ್ಸಾಯ್ ಮಾಡುವವರು ಕುಂಡ, ಕತ್ತರಿ, ತಂತಿ ಹಿಡಿದು ವರ್ಷಗಟ್ಟಲೆ ಮಾಡುವುದೂ ಇದನ್ನೇ. ಜಪಾನಿನಲ್ಲಿ ಬೆಟ್ಟದ ಬಂಡೆಗಳ ನಡುವೆ ಗಾಳಿ, ಹಿಮ ಕುಗ್ಗಿಸಿದ ಮರಗಳನ್ನು ತಂದು ಬೆಳೆಸುವ ಹಳೆಯ ಪರಂಪರೆಯಿದೆ. ನಮ್ಮ ಊರಿನಲ್ಲಿ ಆ ಬೆಟ್ಟದ ಕೆಲಸವನ್ನು ಗಾರೆ ಗೋಡೆ ಮಾಡುತ್ತಿದೆ.

ಗಾರೆ ಎಂದದ್ದಕ್ಕೆ ಕಾರಣವಿದೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡವು. ಅಲ್ಲಿನ ಹಳೆಯ ಮನೆಗಳಲ್ಲಿ ಇಟ್ಟಿಗೆಗೆ ಸುಣ್ಣದ ಗಾರೆ ಹಾಕಿ ಕಟ್ಟಿದ ಗೋಡೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸುಣ್ಣದ ಗಾರೆ ಮೆತ್ತಗಿರುತ್ತದೆ, ತೇವ ಹಿಡಿಯುತ್ತದೆ. ಬೇರು ಅದರೊಳಗೆ ಇಟ್ಟಿಗೆಯ ಅಂಚು ಹಿಡಿದು ಚಪ್ಪಟೆಯಾಗಿ ಹರಿಯುತ್ತದೆ. ಸಿಮೆಂಟಿನ ಗೋಡೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಬೇರು ಸಿಕ್ಕ ಒಂದೇ ಬಿರುಕಿನಲ್ಲಿ ನೇರವಾಗಿ ಇಳಿದಿರುತ್ತದೆ, ಕೀಳಲು ಹೋದರೆ ತುಂಡಾಗುತ್ತದೆ. ಆದ್ದರಿಂದ ಒಳ್ಳೆಯ ಬುಡ ಬೇಕಿದ್ದರೆ ನಾನು ಮೊದಲು ನೋಡುವುದು ಗೋಡೆಯನ್ನು, ಆಮೇಲೆ ಗಿಡವನ್ನು.

ಎಲ್ಲ ಗಿಡವನ್ನೂ ಕೀಳಬಾರದು. ನೆಲದಲ್ಲಿ ಬೇರುಬಿಟ್ಟು ಮರವಾಗಬಲ್ಲದ್ದನ್ನು ನಾನು ಮುಟ್ಟುವುದಿಲ್ಲ. ಕೋಟೆ, ಹಳೆಯ ದೇವಸ್ಥಾನ, ಸಂರಕ್ಷಿತ ಕಟ್ಟಡಗಳ ಗೋಡೆಗೂ ಕೈಹಾಕುವುದಿಲ್ಲ. ಅಲ್ಲಿ ಬೇರು ಎಳೆದರೆ ಕಲ್ಲೇ ಸಡಿಲವಾಗುತ್ತದೆ, ಅದು ಬಲ್ಲವರ ಕೆಲಸ. ಹೇಗೂ ತೆಗೆಯಬೇಕಾದ ಗಿಡ ಆಗಿರಬೇಕು, ಮನೆಯವರು ಒಪ್ಪಿರಬೇಕು, ಕೆಲಸ ಮಾಡುವ ಮೇಸ್ತ್ರಿ ಜೊತೆಗಿರಬೇಕು. ಈ ಮೂರು ಕೂಡಿದರೆ ಮಾತ್ರ ನಾನು ಹೊರಡುತ್ತೇನೆ.

ಮೇಸ್ತ್ರಿಗಳಿಂದ ಕಲಿತದ್ದು ಬಹಳ. ಚಾಮರಾಜಪೇಟೆಯ ಒಂದು ಮನೆಯಲ್ಲಿ ಬಸರಿಯೊಂದನ್ನು ಬಿಡಿಸುವಾಗ ವಯಸ್ಸಾದ ಮೇಸ್ತ್ರಿಯೊಬ್ಬರು ಹೇಳಿದ ಮಾತು ಇಂದಿಗೂ ನನ್ನ ಕೈ ನಡೆಸುತ್ತದೆ. "ಎಳೀಬೇಡಿ ಅಮ್ಮಾ. ಗಿಡಾನ ಎಳೆದ್ರೆ ಬರೀ ಕೋಲು ಬರತ್ತೆ. ಇಟ್ಟಿಗೆ ಬಿಡಿಸಿ, ಗಿಡ ತಾನೇ ಬರತ್ತೆ." ಸಣ್ಣ ಉಳಿ ಹಿಡಿದು ಅವರು ಸುತ್ತಲಿನ ಗಾರೆಯನ್ನು ಕೆರೆದರು, ಒಂದೊಂದೇ ಇಟ್ಟಿಗೆ ಸಡಿಲಿಸಿ ತೆಗೆದರು. ಕೊನೆಗೆ ಬೇರು ಬಿಗಿಯಾಗಿ ಅಪ್ಪಿದ್ದ ಅರ್ಧ ಇಟ್ಟಿಗೆಯ ಸಮೇತ ಗಿಡ ಕೈಗೆ ಬಂತು. "ಅದನ್ನ ಬಿಡಿಸಬೇಡಿ, ಹಾಗೇ ಇರಲಿ" ಅಂದರು. ಬೇರು ಇಟ್ಟಿಗೆಯನ್ನು ಹಿಡಿದ ಬಗೆಯನ್ನು ಯಾವ ತಂತಿಯಿಂದಲೂ ಮಾಡಲಾಗದು ಎಂದು ನನಗೆ ಮನದಟ್ಟಾದದ್ದು ಅಂದು.

ಗಿಡ ತೆಗೆಯಲು ಕಾಲ ನೋಡಬೇಕು. ಬೆಂಗಳೂರಿನಲ್ಲಿ ಮೇ ಕೊನೆಯಿಂದ ಜೂನ್, ಜುಲೈವರೆಗೆ ಒಳ್ಳೆಯದು. ಗಾಳಿಯಲ್ಲಿ ತೇವವಿದೆ, ಬಿಸಿಯೂ ಇದೆ, ಅತ್ತಿ ಕುಲದ ಗಿಡಗಳಿಗೆ ಬೇರು ಬಿಡಲು ಎರಡೂ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಅವು ನಿದ್ದೆಯಲ್ಲಿರುತ್ತವೆ. ಆಗ ಮನೆ ಕೆಡವುತ್ತಿದ್ದಾರೆ ಎಂದು ಅನಿವಾರ್ಯವಾಗಿ ತರಬೇಕಾದರೆ, ಬೆಚ್ಚಗಿನ ಜಾಗ ಮತ್ತು ಹೆಚ್ಚಿನ ತಾಳ್ಮೆ ಎರಡನ್ನೂ ಕೊಡಬೇಕಾಗುತ್ತದೆ.

ಕಿತ್ತ ತಕ್ಷಣ ಬೇರನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಬೇಕು. ಮನೆಗೆ ತಂದ ಮೇಲೆ ದೊಡ್ಡ ಎಲೆಗಳನ್ನು ಕತ್ತರಿಸಿ, ಉದ್ದದ ರೆಂಬೆಗಳನ್ನು ಮೊಟಕು ಮಾಡುತ್ತೇನೆ. ಬೇರು ಕಡಿಮೆಯಾಗಿರುವಾಗ ಎಲೆಗಳಿಗೆ ನೀರು ಒದಗಿಸಲು ಗಿಡಕ್ಕೆ ಆಗುವುದಿಲ್ಲ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ತಾಗಿದರೆ ಉರಿ, ಕೆಲವರ ಚರ್ಮಕ್ಕೂ ಆಗದು. ಆದ್ದರಿಂದ ಕೈಗವಸು ಬೇಕು. ಹಾಲನ್ನು ನೀರಿನಲ್ಲಿ ತೊಳೆದು, ಗಾಯ ಒಣಗಲು ಸ್ವಲ್ಪ ಹೊತ್ತು ನೆರಳಿನಲ್ಲಿಟ್ಟು, ಇದ್ದಿಲ ಪುಡಿ ಹಚ್ಚಿ ನೆಡುತ್ತೇನೆ. ಸಣ್ಣ ಬೇರೇ ಇಲ್ಲದ ದಪ್ಪ ತುಂಡಿನಿಂದಲೂ ಬಸರಿ, ಕಿರುಗೋಳಿಗಳು ಹೊಸ ಬೇರು ಬಿಟ್ಟಿದ್ದನ್ನು ನೋಡಿದ್ದೇನೆ. ಅರಳಿ ಮಾತ್ರ ನಿಧಾನ.

ತಟ್ಟೆಯಂಥ ಬೋನ್ಸಾಯ್ ಕುಂಡಕ್ಕೆ ಮೊದಲೇ ಹಾಕುವ ಆಸೆ ಯಾರಿಗಾದರೂ ಇರುತ್ತದೆ. ಆದರೆ ಆರಂಭದಲ್ಲಿ ಬೇಕಾದದ್ದು ಅಗಲವಾದ, ಸಾಕಷ್ಟು ಆಳವಿರುವ ಮಣ್ಣಿನ ಕುಂಡ, ಮತ್ತು ನೀರು ನಿಲ್ಲದ ಮಿಶ್ರಣ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಕೊಳೆತ ಎಲೆಗೊಬ್ಬರ. ಇಟ್ಟಿಗೆ ಚೂರಿನಲ್ಲೇ ಹುಟ್ಟಿ ಬೆಳೆದ ಗಿಡಕ್ಕೆ ಅದು ಹೊಸದಲ್ಲ. ಕಪ್ಪು ಜೇಡಿ ಮಣ್ಣು ಹಾಕಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ನೆಟ್ಟ ಮೇಲೆ ಮೇಲಿನಿಂದ ಪ್ಲಾಸ್ಟಿಕ್ ಕವರ್ ಮುಚ್ಚಿ ತೇವ ಉಳಿಸಬೇಕು, ನೆರಳಿನ ಬಲೆಯಡಿ ಇಡಬೇಕು, ಹೊಸ ಚಿಗುರು ಎಲೆಯಾಗಿ ಗಟ್ಟಿಯಾಗುವವರೆಗೆ ಗೊಬ್ಬರ ಕೊಡಬಾರದು.

ಆಮೇಲೆ ಬರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ: ಸುಮ್ಮನಿರುವುದು. ಮೊದಲ ವರ್ಷ ಪೂರ್ತಿ ತಂತಿ ಬೇಡ, ಕತ್ತರಿ ಬೇಡ. ಚಿಗುರು ಎಲ್ಲೆಂದರಲ್ಲಿ ಬಂದರೂ ಬರಲಿ. ಒಂದೊಂದು ಎಲೆಯೂ ಹೊಸ ಬೇರಿಗೆ ಊಟ ಮಾಡಿಕೊಡುತ್ತಿರುತ್ತದೆ. ಆಗ ಕತ್ತರಿ ಹಾಕಿದರೆ ಕುಂಡದೊಳಗೆ ನಡೆಯುತ್ತಿರುವ ಕೆಲಸಕ್ಕೆ ತಡೆಯಾಗುತ್ತದೆ. ಆ ವರ್ಷ ನಾನು ಮಾಡುವುದು ಪ್ರತಿ ಗಿಡವನ್ನೂ ಸುತ್ತ ತಿರುಗಿಸಿ ನೋಡುವುದು. ಬುಡ ಯಾವ ಕಡೆ ಅಗಲ, ಕಾಂಡ ಎಲ್ಲಿ ಬಾಗಿದೆ, ಗೋಡೆಯಿಂದ ಹೊರಗೆ ಬೆಳಕಿನ ಕಡೆ ಯಾವ ರೆಂಬೆ ಚಾಚಿತ್ತು ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ಗೋಡೆಯಿಂದ ಕೆಳಕ್ಕೆ ಜೋತುಬಿದ್ದಿದ್ದ ಗಿಡವನ್ನು ನೇರ ನಿಲ್ಲಿಸಲು ಒದ್ದಾಡಬಾರದು. ಅದನ್ನು ಎತ್ತರದ ಕುಂಡದಲ್ಲಿ ಇಳಿಜಾರಾಗಿಯೇ ಬೆಳೆಸಿದರೆ ಚೆಂದ.

ಒಂದೊಂದು ಜಾತಿಯ ಗುಣ ಒಂದೊಂದು ತರ. ಹೊಸಬರಿಗೆ ನಾನು ಹೇಳುವುದು ಬಸರಿ ಅಥವಾ ಕಿರುಗೋಳಿ. ಎರಡೂ ಕತ್ತರಿಗೆ ಚೆನ್ನಾಗಿ ಕವಲೊಡೆಯುತ್ತವೆ, ಎಲೆ ಚಿಕ್ಕದಾಗುತ್ತದೆ, ಗಾಯ ಬೇಗ ಮುಚ್ಚುತ್ತದೆ. ಬಸರಿಯ ಹೊಸ ಚಿಗುರಿನ ತಾಮ್ರದ ಬಣ್ಣವಂತೂ ನೋಡಿದಷ್ಟೂ ಸಾಲದು. ಆಲಕ್ಕೆ ಎಲೆ ದಪ್ಪ, ದೊಡ್ಡದು, ಹಾಗಾಗಿ ಚಿಕ್ಕ ಗಾತ್ರಕ್ಕೆ ಒಗ್ಗದು. ದೊಡ್ಡ ಕುಂಡದಲ್ಲಿ ಬಿಳಲು ಇಳಿಸಿದರೆ ಮಾತ್ರ ಅದರ ಗತ್ತು ಕಾಣುತ್ತದೆ. ಅರಳಿಯದು ಉದ್ದ ತೊಟ್ಟು, ಎಲೆ ಕುಗ್ಗುವುದು ಕಡಿಮೆ. ರೆಂಬೆ ಕತ್ತರಿಸಿದರೆ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುವ ಸ್ವಭಾವವೂ ಇದೆ. ಅದಕ್ಕೇ ಅರಳಿಯ ರೆಂಬೆಯನ್ನು ಚಿಗುರೊಡೆಯುವ ಕಣ್ಣಿನ ಹತ್ತಿರಕ್ಕೆ ಕತ್ತರಿಸದೆ ಒಂದಿಷ್ಟು ಮೋಟು ಬಿಡಬೇಕು, ಚಿಗುರು ಬಲಿತ ಮೇಲೆ ಮೋಟನ್ನು ತೆಗೆಯಬೇಕು. ಅತ್ತಿಯ ಕಾಯಿ ಕಾಂಡದ ಮೇಲೇ ಬಿಡುತ್ತದೆ, ಅದು ಕುಂಡದಲ್ಲೂ ಸಾಧ್ಯ. ಆದರೆ ಆ ಕಾಯಿಯೊಳಗೆ ಬೀಜ ಕಟ್ಟಬೇಕಾದರೆ ಅತ್ತಿಗೇ ಮೀಸಲಾದ ಸಣ್ಣ ಕಣಜ ಹುಡುಕಿಕೊಂಡು ಬರಬೇಕು.

ಬಿಳಲಿನ ವಿಚಾರಕ್ಕೆ ಬಂದರೆ, ಕೇತೋಹಳ್ಳಿಯ ದೊಡ್ಡ ಆಲದಮರದ ಮುಂದೆ ನಿಂತವರಿಗೆ ಹೆಚ್ಚು ಹೇಳಬೇಕಿಲ್ಲ. ಸುಮಾರು ಮೂರು ಎಕರೆ ಹರಡಿದ ಆ ಮರದ ಮೂಲ ಕಾಂಡ ರೋಗದಿಂದ ಹೋಗಿದೆ, ಇಂದು ಮರವನ್ನು ಹೊತ್ತು ನಿಂತಿರುವುದು ಬಿಳಲುಗಳೇ. ಹೌರಾದ ಸಸ್ಯೋದ್ಯಾನದ ಮಹಾ ಆಲದ್ದೂ ಅದೇ ಕತೆ. ಅದರ ಮೂಲ ಕಾಂಡವನ್ನು 1925ರಲ್ಲಿ ತೆಗೆಯಬೇಕಾಯಿತು, ಮರ ಉಳಿಯಿತು. ಕುಂಡದ ಆಲ, ಕಿರುಗೋಳಿಗಳಲ್ಲೂ ಬಿಳಲು ಬೇಕೆಂದರೆ ಗಾಳಿಯಲ್ಲಿ ತೇವ ಬೇಕು. ಮಳೆಗಾಲದಲ್ಲಿ ರೆಂಬೆಯಿಂದ ನೂಲಿನಂತೆ ಇಳಿದ ಬೇರನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೇವದ ತೆಂಗಿನ ನಾರಿನ ಪುಡಿ ತುಂಬಿಸಿ ನೆಲಕ್ಕೆ ಇಳಿಸಬಹುದು. ಮಣ್ಣು ಮುಟ್ಟಿತೆಂದರೆ ಆ ಬೇರು ಬೇಗ ದಪ್ಪಗಾಗುತ್ತದೆ. ಹತ್ತಿರದ ಬೇರುಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಕಾಂಡವಾಗುತ್ತವೆ.

ತಂತಿ ಹಾಕುವುದಾದರೆ ಅಲ್ಯೂಮಿನಿಯಂ ತಂತಿ ಸಾಕು. ಮಳೆಗಾಲದಲ್ಲಿ ರೆಂಬೆ ಬೇಗ ಊದುವುದರಿಂದ ಆಗಾಗ ನೋಡುತ್ತಿರಬೇಕು, ಇಲ್ಲವಾದರೆ ತೊಗಟೆಯಲ್ಲಿ ಗುರುತು ಉಳಿಯುತ್ತದೆ. ಎಲ್ಲ ಎಲೆಯನ್ನೂ ಕಿತ್ತು ಚಿಕ್ಕ ಎಲೆ ಬರಿಸುವ ವಿಧಾನವನ್ನು ಚೆನ್ನಾಗಿ ಬೇರೂರಿ ಬಲಿತ ಗಿಡಕ್ಕೆ ಮಾತ್ರ ಮಾಡಬೇಕು. ಕಿರುಗೋಳಿಯ ಎಲೆ ಉದ್ದಕ್ಕೆ ಮಡಚಿಕೊಂಡಿದ್ದರೆ ಒಳಗೆ ಕಪ್ಪು ಥ್ರಿಪ್ಸ್ ಇರುತ್ತವೆ. ಆ ಎಲೆ ತೆಗೆದು ಬೇವಿನ ಎಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಈ ಗಿಡಗಳಿಗೆ ಬಿಸಿಲು ಬೇಕು. ಅಂಗಳವೋ ತಾರಸಿಯೋ ಅವುಗಳ ಜಾಗ, ಟಿವಿ ಪಕ್ಕದ ಮೇಜಲ್ಲ. ಏಪ್ರಿಲಿನ ಬಿಸಿಲಲ್ಲಿ ತಟ್ಟೆಯ ಕುಂಡ ಬೆಳಗ್ಗೆಯಿಂದ ಸಂಜೆಯೊಳಗೆ ಒಣಗುತ್ತದೆ, ದಿನಕ್ಕೆ ಎರಡು ಸಲ ನೀರು ಬೇಕು.

ನನ್ನ ತಾರಸಿಗೆ ಬರುವ ಹಿರಿಯರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಅಶ್ವತ್ಥನ್ನ ಮನೇಲಿ ಹೀಗೆ ಇಟ್ಕೋಬಹುದೇನಮ್ಮ?" ಆ ಪ್ರಶ್ನೆಯನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಅರಳಿಯನ್ನು ಕಡಿಯಲು ನಮ್ಮವರು ಹಿಂಜರಿಯುವುದರಿಂದಲೇ ಎಷ್ಟೋ ಅಶ್ವತ್ಥಕಟ್ಟೆಗಳು ರಸ್ತೆ ಅಗಲವಾದರೂ ಉಳಿದಿವೆ. ನಾನು ಹೇಳುವುದಿಷ್ಟು: ಈ ಗಿಡ ಗೋಡೆಯಿಂದ ಹೋಗಲೇಬೇಕಿತ್ತು, ಇಲ್ಲಿ ಬದುಕಿದೆ. ಮನೆಯವರಿಗೆ ಮನಸ್ಸಿಗೆ ಬಾರದಿದ್ದರೆ ಒತ್ತಾಯ ಮಾಡುವುದಿಲ್ಲ. ಕುಂಡಕ್ಕೆ ಒಗ್ಗದ ಅರಳಿ, ಆಲಗಳನ್ನು ದೊಡ್ಡ ಚೀಲದಲ್ಲಿ ಬೆಳೆಸಿ, ಹಳ್ಳಿಯ ಗುಂಡುತೋಪಿಗೆ, ಜಾಗವಿರುವ ಶಾಲೆಯ ಮೈದಾನದ ಅಂಚಿಗೆ ಕೊಡುತ್ತೇನೆ. ಅಲ್ಲಿ ಅವು ಮರವಾಗಿ ಬೆಳೆಯಲಿ ಎಂಬುದೇ ನನ್ನ ಆಸೆ. ಬೋನ್ಸಾಯ್ ಬೆಳೆಸುವವರಿಗೆ ದೊಡ್ಡ ಮರದ ಮೇಲೂ ಪ್ರೀತಿ ಇರಬೇಕು, ಇಲ್ಲದಿದ್ದರೆ ಚಿಕ್ಕ ಮರದಲ್ಲಿ ಏನನ್ನು ಕಾಣಬೇಕೆಂದು ಅವರಿಗೆ ಹೇಗೆ ತಿಳಿದೀತು?

ಆದ್ದರಿಂದ ಹಬ್ಬಕ್ಕೆ ಬಣ್ಣ ಹೊಡೆಸುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ಗೋಡೆಯ ಗಿಡದ ಬುಡಕ್ಕೆ ಆಸಿಡ್ ಸುರಿಸುವ ಮೊದಲು ಮೇಸ್ತ್ರಿಯನ್ನು ಕರೆಸಿ, ಒಂದೆರಡು ಇಟ್ಟಿಗೆ ಬಿಡಿಸಿ ನೋಡಲು ಹೇಳಿ. ತೆಗೆದ ಜಾಗಕ್ಕೆ ಹೊಸ ಗಾರೆ ಹಾಕಿಸಿದರೆ ಗೋಡೆಯೂ ಗಟ್ಟಿಯಾಗುತ್ತದೆ. ಕೈಗೆ ಬಂದ ಗಿಡವನ್ನು ಇಟ್ಟಿಗೆ ಚೂರಿನ ಕುಂಡದಲ್ಲಿ ನೆಟ್ಟು, ಒಂದು ವರ್ಷ ಕತ್ತರಿ ಮುಟ್ಟದೆ ಕಾಯಿರಿ. ಆ ವರ್ಷ ಮುಗಿಯುವುದರೊಳಗೆ ಮುಂದೆ ಏನು ಮಾಡಬೇಕೆಂದು ಗಿಡವೇ ಹೇಳುತ್ತದೆ.