ಒಕ್ಕಣೆ ವೇಳೆ ಕಣ್ಣಿಗೆ ಹೊಟ್ಟು ಬಿತ್ತಾ? ಸಿಕ್ಕ ಡ್ರಾಪ್ಸ್ ಹಾಕ್ಬೇಡಿ

ಬೆಳೆಗೆ ಬರುವ ಶಿಲೀಂಧ್ರ ರೋಗಗಳ ಬಗ್ಗೆ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಈ ವಾರ, ಅದೇ ಶಿಲೀಂಧ್ರ ನಮ್ಮ ಕಣ್ಣಿಗೆ ಬಂದರೆ ಏನಾಗುತ್ತೆ ಅನ್ನೋದನ್ನ ತಿಳಿಯೋಣ. ಭತ್ತ, ರಾಗಿ ಒಕ್ಕಣೆ ಶುರುವಾಗಿದೆ, ಕಬ್ಬು ಕಟಾವೂ ನಡೀತಿದೆ. ಹಾಗಾಗಿ ಈಗಲೇ ಓದಿ.

ರೋಗ ಹೇಗೆ ಬರುತ್ತೆ?

ಕಣ್ಣಿನ ಕಪ್ಪುಗುಡ್ಡೆಯ ಮುಂದೆ ಗಾಜಿನಂಥ ಪೊರೆ ಇದೆ, ಅದೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಭತ್ತದ ಊಬು, ಹೊಟ್ಟು ಅಥವಾ ಕಬ್ಬಿನ ಸೋಗೆ ತಾಗಿ ಅದು ಗೀರಿದರೆ, ಕಸದಲ್ಲಿದ್ದ ಶಿಲೀಂಧ್ರ ಒಳಗೆ ಸೇರಬಹುದು. ಎಲ್ಲ ಗೀರಿಗೂ ಹೀಗಾಗಲ್ಲ. ಆದರೆ ಆದಾಗ ಅದು ಕಣ್ಣಿನ ಹುಣ್ಣಾಗುತ್ತೆ.

ಈ ಹುಣ್ಣಿಗೆ ಹೆಚ್ಚಾಗಿ ಕಾರಣ ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್. ಇವು ನಿಮಗೆ ಹೊಸಬರಲ್ಲ. ತೊಗರಿಯ ನೆಟೆ ರೋಗ ಫ್ಯುಸೇರಿಯಂ ಜಾತಿಯದ್ದು. ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಮಾಡುವ ಬೂಷ್ಟು ಆಸ್ಪರ್ಜಿಲಸ್ ಜಾತಿಯದ್ದು.

ಮೋಸ ಎಲ್ಲಿದೆ?

ಶಿಲೀಂಧ್ರ ನಿಧಾನಕ್ಕೆ ಬೆಳೆಯುತ್ತೆ. ಗಾಯವಾಗಿ ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಕಳೆದ ಮೇಲೆ ನೋವು, ಕೆಂಪು, ನೀರು ಸೋರುವುದು, ಬೆಳಕು ನೋಡಲಾಗದಿರುವುದು ಜಾಸ್ತಿಯಾಗಿ, ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣುತ್ತೆ.

ನಮ್ಮ ಪಕ್ಕದೂರಿನ ಹುಡುಗನೊಬ್ಬನಿಗೆ ಹೀಗೇ ಆಯಿತು. ಅಂಗಡಿಯಿಂದ ತಂದ ಡ್ರಾಪ್ಸ್ ಹಾಕಿದ, ಎರಡು ದಿನಕ್ಕೆ ಕೆಂಪು ಇಳಿಯಿತು. "ವಾಸಿಯಾಯ್ತು ಬಿಡಣ್ಣ" ಅಂದ. ಅದು ಸ್ಟೀರಾಯ್ಡ್ ಇದ್ದ ಔಷಧ. ಸ್ಟೀರಾಯ್ಡ್ ಉರಿ, ಕೆಂಪು ಇಳಿಸುತ್ತೆ, ಆದರೆ ದೇಹದ ಹೋರಾಟವನ್ನೂ ತಗ್ಗಿಸುತ್ತೆ. ಒಳಗೆ ಬೂಷ್ಟು ಹಬ್ಬುತ್ತಲೇ ಹೋಯಿತು. ಕೊನೆಗೆ ಕಾರ್ನಿಯಾ ಬದಲಿಸುವ ಆಪರೇಷನ್ ಆಯಿತು. ಕಣ್ಣಿನ ಗುಡ್ಡೆ ಉಳಿಯಿತು, ದೃಷ್ಟಿ ಮೊದಲಿನಂತಾಗಲಿಲ್ಲ. ಬೂಷ್ಟು ಆಳಕ್ಕೆ ಇಳಿದಿದ್ದರೆ ಹೊಸ ಕಾರ್ನಿಯಾಕ್ಕೂ ಅದು ಮತ್ತೆ ಬರಬಹುದು.

ಬರೀ ಆಂಟಿಬಯಾಟಿಕ್ ಡ್ರಾಪ್ಸ್ ಕೂಡ ಸಾಲದು. ಅದು ಬ್ಯಾಕ್ಟೀರಿಯಾಕ್ಕೆ. ನೆಟೆ ರೋಗಕ್ಕೆ ಕೀಟನಾಶಕ ಹೊಡೆದ ಹಾಗಾಗುತ್ತೆ.

ಸರಿಯಾದ ಚಿಕಿತ್ಸೆ

ಕಣ್ಣಿನ ವೈದ್ಯರು ಹುಣ್ಣಿನಿಂದ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರ ಕಂಡರೆ ಸಾಮಾನ್ಯವಾಗಿ ಕೊಡುವುದು ನಟಾಮೈಸಿನ್ 5% ಡ್ರಾಪ್ಸ್. ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೊರಿಕೊನಜೋಲ್ ಡ್ರಾಪ್ಸ್‌ಗಿಂತ ಇದೇ ಮೇಲು ಎಂದು ಕಂಡುಬಂತು, ಅದರಲ್ಲೂ ಫ್ಯುಸೇರಿಯಂಗೆ. ಮೊದಮೊದಲು ಗಂಟೆಗೊಮ್ಮೆ ಹಾಕಬೇಕಾಗುತ್ತೆ, ಚಿಕಿತ್ಸೆ ವಾರಗಟ್ಟಲೆ ನಡೆಯುತ್ತೆ. ನೋವು ಕಡಿಮೆಯಾಯ್ತು ಅಂತ ನಡುವೆ ಬಿಡಬೇಡಿ.

ನೀವು ಮಾಡಬೇಕಾದ್ದು

• ಒಕ್ಕಣೆ, ತೂರುವಿಕೆ, ಕಬ್ಬು ಕಟಾವಿನಲ್ಲಿ ಪಕ್ಕ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕಿ. ಕೂಲಿಗೆ ಬಂದವರಿಗೂ ಕೊಡಿ.
• ಕಸ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚುಚ್ಚಿಕೊಂಡಿದ್ದರೆ ಕೀಳದೆ ಆಸ್ಪತ್ರೆಗೆ ಹೋಗಿ.
• ಬಟ್ಟೆ ತುದಿ, ನಾಲಿಗೆಯಿಂದ ತೆಗೆಸಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡಬೇಡಿ.
• ಮನೆಯಲ್ಲಿರುವ ಡ್ರಾಪ್ಸ್ ಹೆಸರು ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತಿದ್ದರೆ ಅದು ಸ್ಟೀರಾಯ್ಡ್.
• ಮರುದಿನವೂ ನೋವು, ಕೆಂಪು ಇದ್ದರೆ, ಮಂಜಾದರೆ, ಬಿಳಿ ಚುಕ್ಕೆ ಕಂಡರೆ ಅಂದೇ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ.
• "ಭತ್ತದ ಹೊಟ್ಟು ಬಡಿಯಿತು" ಅಂತ ವೈದ್ಯರಿಗೆ ನೀವಾಗಿಯೇ ಹೇಳಿ. ಹಾಕಿದ ಡ್ರಾಪ್ಸ್‌ನ ಫೋಟೋ ಮೊಬೈಲ್‌ನಲ್ಲಿ ತೋರಿಸಿ. ರೋಗ ಪತ್ತೆಗೆ ಇದು ದೊಡ್ಡ ಸುಳಿವು.

ಈ ವಾರ ಕಣಕ್ಕೆ ಹೋಗುವ ಮೊದಲು ಕನ್ನಡಕ ತಂದಿಟ್ಟುಕೊಳ್ಳಿ. ನಿಮ್ಮೂರಿನ ವಾಟ್ಸಾಪ್ ಗುಂಪಿಗೂ ಇದನ್ನು ಕಳಿಸಿ.