46ರಲ್ಲೂ ಸೇಲ್ಸ್‌ನಲ್ಲೇ ಉಳಿಯಬೇಕೆ?

ಪ್ರಶ್ನೆ: ನನಗೆ 46 ವರ್ಷ. ಕಲಬುರಗಿಯಲ್ಲಿದ್ದುಕೊಂಡು ಕೀಟನಾಶಕ ಕಂಪನಿಯೊಂದರ ಸೇಲ್ಸ್‌ನಲ್ಲಿ 22 ವರ್ಷದಿಂದ ಇದ್ದೇನೆ. ಕಮಲಾಪುರ ಭಾಗವೂ ನನ್ನದೇ. ಈಗಿನ ಮ್ಯಾನೇಜರ್ ನನಗಿಂತ 12 ವರ್ಷ ಚಿಕ್ಕವರು. ಈ ವಯಸ್ಸಿನಲ್ಲಿ ಇದರಲ್ಲೇ ಉಳಿಯುವುದಕ್ಕೆ ಅರ್ಥವಿದೆಯೇ? ಬಿಟ್ಟು ಕಮಲಾಪುರದಲ್ಲಿ ಸ್ವಂತ ಅಂಗಡಿ ಹಾಕಲೇ?

ಉತ್ತರ: ಉಳಿಯಿರಿ. ಸಮಾಧಾನಕ್ಕೆ ಹೇಳುತ್ತಿಲ್ಲ, ನಿಮ್ಮ ವ್ಯವಹಾರದ ಸ್ವರೂಪವೇ ಹಾಗಿದೆ. ತೊಗರಿ ಸೀಮೆಯಲ್ಲಿ ಕೀಟನಾಶಕದ ಮಾರಾಟ ಮುಗಿಯುವುದು ಬಿಲ್ ಹರಿದಾಗಲ್ಲ. ರಾಶಿಯಾಗಿ, ರೈತ ಅಂಗಡಿಯ ಉದ್ರಿ ತೀರಿಸಿ, ಅಂಗಡಿಯವರು ಕಂಪನಿಗೆ ಹಣ ಕಟ್ಟಿದಾಗ. ಜೂನ್–ಜುಲೈನಲ್ಲಿ ಬಿತ್ತಿದ್ದು ರಾಶಿಯಾಗುವುದು ಡಿಸೆಂಬರ್–ಜನವರಿಗೆ. ಸೆಪ್ಟೆಂಬರಿನಲ್ಲಿ ಟಾರ್ಗೆಟ್ ಮುಟ್ಟಿಸಲು ಅಂಗಡಿಗೆ ಮಾಲು ತುಂಬಿಸುವುದು ಹೊಸ ಹುಡುಗನಿಗೂ ಆದೀತು. ಮಾರ್ಚ್‌ನಲ್ಲಿ ಅದೇ ಮಾಲು ವಾಪಸ್ ಬಂದರೆ ಏನು ಮಾರಿದಂತಾಯಿತು? 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತಲ್ಲ, ಅಂಥ ವರ್ಷ ಯಾರಿಗೆ ಮಾಲು ಕೊಡಬೇಕು, ಯಾರ ಹತ್ತಿರ ಕೈ ಬಿಗಿ ಹಿಡಿಯಬೇಕು, ಯಾರಿಗೆ ಎರಡು ತಿಂಗಳು ವಾಯಿದೆ ಕೊಟ್ಟರೆ ಹಣ ಬಂದೇ ಬರುತ್ತದೆ ಎಂಬ ಲೆಕ್ಕ ಕಂಪನಿಯ ಆ್ಯಪ್‌ನಲ್ಲಿ ಸಿಗುವುದಿಲ್ಲ. ಅದು ನಿಮ್ಮಂಥವರ ತಲೆಯಲ್ಲಿದೆ.

ರೈತನ ಕಡೆಯಿಂದಲೂ ನೋಡಿ. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಒಬ್ಬರು ಟೊಂಗೆ ಮುರಿದುಕೊಂಡು ಅಂಗಡಿಗೆ ಬರುತ್ತಾರೆ. "ಎರಡ್ ಸಲ ಎಣ್ಣಿ ಹೊಡದ್ರೂ ಕೀಡಿ ಹಂಗೇ ಅವ ನೋಡ್ರಿ ಸಾಹೇಬ್ರ." ಟಾರ್ಗೆಟ್ ಒಂದೇ ಕಾಣುವವರು ಇನ್ನೂ ದುಬಾರಿ ಡಬ್ಬಿ ಕೊಡಿಸುತ್ತಾರೆ. ಪಳಗಿದವರು ಮೊದಲು ಕೀಡಿಯ ಗಾತ್ರ ನೋಡುತ್ತಾರೆ. ಕಾಯಿಕೊರಕಕ್ಕೆ ಔಷಧ ಸರಿಯಾಗಿ ನಾಟುವುದು ತತ್ತಿ, ಸಣ್ಣ ಮರಿ ಇರುವಾಗ. ಇಂಚು ದಾಟಿ ಬೆಳೆದಿದ್ದರೆ ಗಿಡ ಅಲುಗಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಉದುರಿಸಿ ಆರಿಸುವುದೇ ವಾಸಿ. ಕಲಬುರಗಿಯ ರೈತರಿಗೆ ಇದು ಹಳೆಯ, ಗೊತ್ತಿರುವ ಉಪಾಯ. ಹಾಗೆ ಹೇಳಿದ ದಿನ ಒಂದು ಡಬ್ಬಿ ಮಾರಾಟ ತಪ್ಪುತ್ತದೆ, ನಿಜ. ಆದರೆ ಮುಂದಿನ ವರ್ಷ ಆ ರೈತ ಹೂವಿನ ಹೊತ್ತಿಗೇ ಬರುತ್ತಾರೆ, ನಿಮ್ಮನ್ನೇ ಕೇಳಿಕೊಂಡು. ನಿಮ್ಮ 22 ವರ್ಷದ ಗಳಿಕೆ ಇದು.

ಮ್ಯಾನೇಜರ್ ಚಿಕ್ಕವರೆಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಗೆ ನಿಮ್ಮ ಮಾರುಕಟ್ಟೆ ಬೇಕು, ನಿಮಗೆ ಮೇಲಿನವರ ಹತ್ತಿರ ಮಾತಾಡುವವರು ಬೇಕು. ಎರಡನ್ನು ಮಾತ್ರ ಕೇಳಲೇಬೇಕು: ವರ್ಷದ ಮೌಲ್ಯಮಾಪನದಲ್ಲಿ ಕಳಿಸಿದ ಮಾಲಿನಷ್ಟೇ ತೂಕ ಕಲೆಕ್ಷನ್‌ಗೂ ಇರಲಿ, ಹೊಸ ಹುಡುಗರನ್ನು ತಯಾರು ಮಾಡುವ ಹೊಣೆ ನಿಮಗೆ ಬರಲಿ. ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲಿ ಕೇಳಿ.

ಇನ್ನು ಅಂಗಡಿ. ಕೀಟನಾಶಕ ಮಾರುವ ಲೈಸೆನ್ಸಿಗೆ ಕೃಷಿ, ರಸಾಯನಶಾಸ್ತ್ರದಂಥ ಪದವಿಯೋ ನಿಗದಿತ ಡಿಪ್ಲೊಮಾವೋ ಬೇಕು. ಅದು ನಿಮ್ಮಲ್ಲಿರಬಹುದು. ಕಷ್ಟವಿರುವುದು ಉದ್ರಿಯಲ್ಲಿ. ಇಂದು ವಸೂಲಿ ತಡವಾದರೆ ಮೀಟಿಂಗಿನಲ್ಲಿ ಮಾತು ಕೇಳುತ್ತೀರಿ. ಅಂಗಡಿ ನಿಮ್ಮದಾದರೆ ಸಿಕ್ಕಿಬೀಳುವುದು ಮಕ್ಕಳ ಕಾಲೇಜಿನ ಫೀ. ಒಂದು ನೆಟೆ ರೋಗದ ವರ್ಷವನ್ನು ತಡೆಯುವಷ್ಟು ಹಣ ಪಕ್ಕಕ್ಕೆ ಇಲ್ಲದೆ ಆ ಕಡೆ ಕಾಲಿಡಬೇಡಿ.

ಗ್ರಾಚ್ಯುಟಿಯ ಲೆಕ್ಕವನ್ನೂ ಹಾಕಿ. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನವೆಂಬ ಲೆಕ್ಕದಲ್ಲಿ. ಮೂಲವೇತನ, ಡಿಎ ಸೇರಿ 40,000 ರೂಪಾಯಿ ಇದ್ದರೆ 22 ವರ್ಷಕ್ಕೆ ಸುಮಾರು 5 ಲಕ್ಷ 8 ಸಾವಿರ. ಪಿಎಫ್ ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. 50ರ ನಂತರ ಮೊದಲೇ ತೆಗೆದುಕೊಂಡರೆ ಬಾಕಿ ಇರುವ ಪ್ರತಿ ವರ್ಷಕ್ಕೆ ಶೇ. 4 ಕಡಿತ.

ಏನೇ ನಿರ್ಧರಿಸಿದರೂ ಈ ಹಂಗಾಮಿನ ಕಲೆಕ್ಷನ್ ಮುಗಿಯುವವರೆಗೆ ರಾಜೀನಾಮೆ ಪತ್ರ ಬರೆಯಬೇಡಿ.