ಹುರುಳಿಯ ಹುರುಳು

ಮಾಗಿಯ ಚಳಿ ಬಲಿಯುವ ಹೊತ್ತಿಗೆ ನಮ್ಮ ಬಯಲುಸೀಮೆಯ ಕಣಗಳಲ್ಲಿ ಹುರುಳಿಯ ಒಕ್ಕಣೆ ನಡೆದಿರುತ್ತದೆ. ಹೊಸ ಕಾಳು ಮನೆ ಸೇರುತ್ತಲೇ ಒಲೆಯ ಮೇಲೆ ದೊಡ್ಡ ಪಾತ್ರೆಯೊಂದು ಏರುತ್ತದೆ. ಕಾಳು ಕುದಿಯುವ ಗಮ್ಮೆನ್ನುವ ವಾಸನೆ ಬೀದಿಯವರೆಗೂ ಹರಡಿ, ಅಂದಿನ ಊಟ ಹುರುಳಿಯ ಕಟ್ಟಿನ ಸಾರೆಂಬುದನ್ನು ಊರಿಗೇ ಸಾರುತ್ತದೆ. ಚಳಿಗಾಲಕ್ಕೆ ಒಪ್ಪುವ ಅಡುಗೆಗಳಲ್ಲಿ ಈ ಸಾರಿಗೆ ಹಿರಿಯ ಸ್ಥಾನವುಂಟು.

ಹುರುಳಿ ನೋಟಕ್ಕೆ ಚೆಲುವಾದ ಕಾಳಲ್ಲ. ಮಣ್ಣಿನ ಬಣ್ಣ, ಚಪ್ಪಟೆಯ ಮೈ, ಹಲ್ಲಿಗೆ ಸುಲಭವಾಗಿ ಬಗ್ಗದ ಗಟ್ಟಿತನ. ಇಂಗ್ಲಿಷರು ಇದನ್ನು ‘ಹಾರ್ಸ್ ಗ್ರಾಂ’ ಎಂದು, ಅಂದರೆ ಕುದುರೆಯ ಕಾಳೆಂದು ಕರೆದರು. ಆದರೆ ಇದು ಕುದುರೆಲಾಯಕ್ಕೆಂದು ಹುಟ್ಟಿದ ಬೆಳೆಯೇನೂ ಅಲ್ಲ. ಹಾವೇರಿ ಜಿಲ್ಲೆಯ ಹಳ್ಳೂರು, ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ಶೋಧಿಸಿದ ಪುರಾತತ್ತ್ವಜ್ಞರಿಗೆ ಸುಟ್ಟು ಕರಿಕಾದ ಹುರುಳಿಕಾಳುಗಳು ದೊರೆತಿವೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಜನ ಇದನ್ನು ಬೆಳೆದು ಉಂಡಿದ್ದರೆಂಬುದಕ್ಕೆ ಆ ಕಾಳುಗಳೇ ಸಾಕ್ಷಿ.

ಮಳೆ ಕೈಕೊಟ್ಟ ವರ್ಷದಲ್ಲಿ ರೈತನ ಕೈ ಹಿಡಿಯುವ ಬೆಳೆಯಿದು. ಮುಂಗಾರಿನ ಬೆಳೆ ತಪ್ಪಿದರೂ ಹಿಂಗಾರಿನ ಒಂದೆರಡು ಹದಮಳೆಗೆ ಬಿತ್ತಿದರೆ, ಸತ್ತ್ವವಿಲ್ಲದ ಕೆಂಪು ನೆಲದಲ್ಲಿಯೂ ಹುರುಳಿ ಹಬ್ಬುತ್ತದೆ. ಇದರ ಬೇರಿನ ಗಂಟುಗಳಲ್ಲಿ ನೆಲಸಿದ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಬೇರು ಕೊಳೆತಾಗ ಅದರ ಒಂದಂಶ ಮಣ್ಣಿಗೂ ಸೇರುತ್ತದೆ. ಹೀಗೆ ಬಡ ನೆಲದಲ್ಲಿ ಬೆಳೆದು, ಆ ನೆಲಕ್ಕೇ ಅಷ್ಟಿಷ್ಟು ಸಾರವನ್ನು ಹಿಂದಿರುಗಿಸುವ ಗುಣ ಇದರದು.

ಇನ್ನು ಸಾರಿನ ವಿಚಾರ. ಐದಾರು ಜನರ ಮನೆಗೆ ಒಂದು ಪಾವು ಕಾಳು ಸಾಕು. ಕಲ್ಲು ಆರಿಸಿ, ತೊಳೆದು, ರಾತ್ರಿಯೆಲ್ಲ ನೆನೆಯಿಡಬೇಕು. ಮರುದಿನ ಕಾಳಿನ ಏಳೆಂಟರಷ್ಟು ನೀರು ಹೊಯ್ದು ಸಣ್ಣ ಉರಿಯಲ್ಲಿ ಬೇಯಿಸಬೇಕು. ಇಲ್ಲಿ ಅವಸರ ಸಲ್ಲದು. ಕಾಳು ಬೆರಳಿಗೆ ಹಿಸುಕುವಷ್ಟು ಮೆತ್ತಗಾದಾಗ, ಅದರ ಸಾರವೆಲ್ಲ ಇಳಿದು ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಸಿದು ತೆಗೆದ ಈ ನೀರೇ ‘ಕಟ್ಟು’. ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಏಳೆಂಟು ಒಣ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಹತ್ತು ಕಾಳು ಕರಿಮೆಣಸು, ಇಷ್ಟನ್ನೂ ತುಸು ಎಣ್ಣೆಯಲ್ಲಿ ಹುರಿದು, ಹಿಡಿ ತೆಂಗಿನ ತುರಿಯನ್ನೂ ಒಂದು ಹಿಡಿ ಬೆಂದ ಕಾಳನ್ನೂ ಕೂಡಿಸಿ ನುಣ್ಣಗೆ ರುಬ್ಬಬೇಕು. ರುಬ್ಬಿದ ಖಾರವನ್ನು ಕಟ್ಟಿಗೆ ಬೆರೆಸಿ, ಹುಣಿಸೆಯ ರಸವನ್ನೂ ಉಪ್ಪನ್ನೂ ಹಾಕಿ ಚೆನ್ನಾಗಿ ಕುದಿಸಬೇಕು. ಕಡೆಗೆ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಉಳಿದ ಕಾಳು ಪಲ್ಯವಾಗುತ್ತದೆ. ಈ ಸಾರು ಮಾಡಿದ ದಿನಕ್ಕಿಂತ ಮರುದಿನ ಬಿಸಿಮಾಡಿ ಉಂಡಾಗ ಹೆಚ್ಚು ರುಚಿಯೆಂಬುದು ಅನುಭವಿಗಳ ಮಾತು.

ಸಾರಿಗೆ ಬಿದ್ದ ಒಣ ಮೆಣಸಿನಕಾಯಿಗೂ ಒಂದು ಕತೆಯುಂಟು. ಅದು ಅಮೆರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದಿತು. ಅದಕ್ಕೆ ಮುನ್ನ ನಮ್ಮ ಅಡುಗೆಗೆ ಖಾರವನ್ನು ಕೊಡುತ್ತಿದ್ದುದು ಮುಖ್ಯವಾಗಿ ಕರಿಮೆಣಸು. ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟು ನಮ್ಮವರು ಅದನ್ನು ಮನೆಯ ಮಗುವಾಗಿಸಿಕೊಂಡರು. ಕಾಯಿಯ ಖಾರಕ್ಕೆ ಕಾರಣವಾದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬಿಸಿಯನ್ನು ಅರಿಯುವ ನರಗಳ ತುದಿಯನ್ನೇ ಅದು ಕೆಣಕುವುದರಿಂದ ನಾಲಗೆಗೆ ಸುಟ್ಟಂತೆ ಭಾಸವಾಗುತ್ತದೆ. ಈ ಗುಟ್ಟನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆದರೆ ಖಾರ ತರುವುದು ಬೆಚ್ಚಗಿನ ಅನುಭವವನ್ನು ಮಾತ್ರ. ಮೈಗೆ ಬಲ ಬರುವುದು ಕಾಳಿನಿಂದ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಕಬ್ಬಿಣ, ಸುಣ್ಣದ ಅಂಶಗಳೂ ಇವೆ. ಸಾರಿನೊಡನೆ ಪಲ್ಯವನ್ನೂ ಉಂಡಾಗಲೇ ಇದರ ಪೂರ್ಣ ಲಾಭ. ರಾಗಿಯ ಮುದ್ದೆಯಲ್ಲಿ ಕೊರತೆಯಾಗುವ ಪೋಷಕಾಂಶವನ್ನು ಕಾಳು ತುಂಬಿಕೊಡುತ್ತದೆ; ಕಾಳಿನ ಕೊರತೆಯನ್ನು ರಾಗಿ ನೀಗುತ್ತದೆ. ಪೋಷಣಶಾಸ್ತ್ರ ಹುಟ್ಟುವ ಮೊದಲೇ ಈ ಎರಡನ್ನು ಒಂದೇ ತಣಿಗೆಯಲ್ಲಿ ಕೂಡಿಸಿದವರು ಅಕ್ಷರವರಿಯದ ನಮ್ಮ ತಾಯಂದಿರು.

ಹಿಂದೆ ಉಳುಮೆಯ ದಿನಗಳಲ್ಲಿ ಬೆಂದ ಕಾಳು ಎತ್ತಿಗೆ ಸಲ್ಲುತ್ತಿತ್ತು, ಬಸಿದ ಕಟ್ಟು ಮನೆಯವರ ಸಾರಿಗೆ. ದುಡಿಯುವ ಎರಡು ಜೀವಗಳು ಒಂದೇ ಪಾತ್ರೆಯನ್ನು ಹಂಚಿಕೊಂಡು ಉಣ್ಣುತ್ತಿದ್ದವು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೂ ದನದ ಮೇವೆಂಬ ಹೀಯಾಳಿಕೆ ಹುರುಳಿಗೆ ಅಂಟಿಕೊಂಡಿತು. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳವನ್ನು ಅರ್ಧ ಮರೆಮಾಡಿಕೊಂಡು ಮುದ್ದೆ, ಹುರುಳಿ ಸಾರು ಉಣ್ಣುತ್ತಿದ್ದ ಮಕ್ಕಳನ್ನು ಕಂಡಿದ್ದೇನೆ. ಅಂಗಡಿಯ ತಿಂಡಿ ತಂದವರು ತಲೆಯೆತ್ತಿ ಕುಳಿತಿರುತ್ತಿದ್ದರು. ಹೊಲದಲ್ಲಿ ಬೆಳೆದುದನ್ನು ತಂದವರು ತಲೆತಗ್ಗಿಸಿರುತ್ತಿದ್ದರು. ಊಟವನ್ನು ಅಳೆಯಬೇಕಾದುದು ಅದರ ಬೆಲೆಯಿಂದಲೋ, ಅದನ್ನು ಉಣ್ಣುವವರ ಅಂತಸ್ತಿನಿಂದಲೋ?

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ಈ ದೌರ್ಬಲ್ಯವನ್ನೇ ಕುರಿತದ್ದು. ವಿಶ್ವಸಂಸ್ಥೆ 2016ನೆಯ ವರ್ಷವನ್ನು ಅಂತರರಾಷ್ಟ್ರೀಯ ದ್ವಿದಳಧಾನ್ಯಗಳ ವರ್ಷವೆಂದು ಸಾರಿ, ಇಂಥ ಕಾಳುಗಳ ಮಹತ್ತ್ವವನ್ನು ಲೋಕಕ್ಕೆ ನೆನಪಿಸಿತು. ನಮ್ಮ ಕಣದ ಕಾಳನ್ನು ನಾವು ಗೌರವಿಸುವುದಕ್ಕೆ ಹೊರಗಿನವರ ಹೊಗಳಿಕೆಯನ್ನು ಕಾಯಬೇಕಾಗಿಲ್ಲ. ಕನ್ನಡದಲ್ಲಿ ‘ಹುರುಳು’ ಎಂದರೆ ಸಾರ, ತಿರುಳು, ಸತ್ತ್ವ. ಹುರುಳಿ, ಹುರುಳು ಎಂಬ ಮಾತುಗಳು ಒಂದೇ ಬೇರಿನವೋ ಅಲ್ಲವೋ, ಆ ಚರ್ಚೆ ಪಂಡಿತರಿಗಿರಲಿ. ಚಳಿಯ ಸಂಜೆ ಹೊಲದಿಂದ ಬಂದವನ ತಣಿಗೆಗೆ ಬಿಸಿ ಸಾರು ಬಿದ್ದಾಗ, ಹುರುಳಿಯಲ್ಲಿ ಹುರುಳುಂಟೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಅಭ್ಯಾಸ

1. ‘ಕಟ್ಟು’ ಎಂದರೇನು? ಅದನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸಿರಿ.
2. ಹುರುಳಿ ಬಡ ನೆಲದ ಬೆಳೆಯಾದರೂ ನೆಲಕ್ಕೆ ಹೇಗೆ ನೆರವಾಗುತ್ತದೆ?
3. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಈ ಪಾಠದ ಹಿನ್ನೆಲೆಯಲ್ಲಿ ವಿಸ್ತರಿಸಿ ಬರೆಯಿರಿ.
4. ನಿಮ್ಮ ಊರಿನಲ್ಲಿ ಚಳಿಗಾಲದಲ್ಲಿ ಮಾಡುವ ಅಡುಗೆಯೊಂದನ್ನು ಹಿರಿಯರಿಂದ ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.